ಸಕ್ಕುಬಾಯಿಯ ಪೇಜು ಯಾರದು?

ಕುರನೂರಿನ ಸಕ್ಕುಬಾಯಿಗೆ ನಿನ್ನೆಯಿಂದ ಊಟ ಸೇರುತ್ತಿರಲಿಲ್ಲ. ಕುರಿಗಾರರಿಗೆಂದು ಅವಳು ಫೋನಿನಲ್ಲಿ ನಡೆಸುತ್ತಿದ್ದ ಪೇಜು ಮುಚ್ಚಿಹೋಗಿತ್ತು. ಹೊಸದಾಗಿ ಬಂದ ಜಂತುಹುಳುವಿನ ಔಷಧ ಕುಡಿದ ಕುರಿಮರಿಗಳು ಸತ್ತಾಗ, ಆ ಬಾಟಲಿ ಬಳಸಬೇಡಿ ಎಂದು ದನದ ಡಾಕ್ಟರು ಹೇಳಿದ್ದರು. ಅದನ್ನೇ ಅವಳು ಸತ್ತ ಮರಿಯ ವಿಡಿಯೊ ಸಮೇತ ಹಾಕಿದ್ದಳು. ಪಾಪ, ಹಾಕಿದ್ದಷ್ಟೇ ಬಂತು. ಸಂಜೆಯೊಳಗೆ ವಿಡಿಯೊ ಮಾಯ, ಬೆಳಗಾಗುವುದರೊಳಗೆ ಪೇಜೂ ಮಾಯ. 'ನಿಯಮ ಮೀರಿದ್ದೀರಿ' ಎಂಬ ಒಂದು ಸಾಲು ಮಾತ್ರ ಬಂದಿತ್ತು. ಫೋನು ತೆರೆದರೆ ಅದೇ ಔಷಧದ ಜಾಹೀರಾತು.

ಪಕ್ಕದ ಮನೆಯ ಸೊಸೆ ಶುಭಾಂಗಿ ಬಚತ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರಿಗೆ ಫೋನು ಬಳಸಲು ಕಲಿಸುವವಳು. ಸುದ್ದಿ ಕೇಳಿ ಬಂದಳು.

"ಸಾಕಾಗೇದವ್ವ ನನಗ," ಎಂದಳು ಸಕ್ಕುಬಾಯಿ. "ಮಾತಾಡಾಕ ಹಕ್ಕ ಅದ ಅಂತೀರಿ. ಖರೇ ಹೇಳಿದ್ರ ಬಾಯಿ ಮುಚ್ಚಸ್ತಾರ. ಇನ್ನ ಈ ಉಸಾಬರಿ ಬ್ಯಾಡ."

"ಹಕ್ಕ ಅದ ರಿ ಕಾಕು. ಸರ್ಕಾರ ಬಾಯಿ ಮುಚ್ಚಿಸಿದ್ರ ಕೋರ್ಟಿಗಿ ಹೋಗಿ ಕೇಳಬಹುದು. ಆದ್ರ ಪೇಜ ಇರೂದು ಆ್ಯಪಿನ ಕಂಪನಿ ಜಾಗಾದಾಗ. ಅಲ್ಲಿ ಅವರ ನಿಯಮ. ಸತ್ತ ಮರಿ ಕಂಡು ಮಷೀನು ತಪ್ಪ ತಿಳೀತೋ, ಯಾರರ ತಕ್ರಾರ ಮಾಡಿದ್ರೋ, ನಮಗ ಹೇಳೂದಿಲ್ಲ. ಜಾಹೀರಾತಿನ ಮ್ಯಾಲ ಬದುಕೂ ಮಂದಿ ಅವರು."

"ಇಷ್ಟ ವರ್ಷ ನಾ ದುಡಿದೀನಿ. ಪೇಜ ನನ್ನದಲ್ಲೇನು?"

ಬಾಗಿಲಲ್ಲಿ ಕಂಬಳಿ ಝಾಡಿಸುತ್ತಿದ್ದ ಗಂಡ ಅಮೋಗಸಿದ್ಧ ನಡುವೆ ಬಾಯಿ ಹಾಕಿದ. "ಮಂದಿ ಹೊಲದಾಗ ಕುರಿ ನಿಂದ್ರಸ್ತೀವಿ. ಗೊಬ್ಬರ ಆಗ್ತದಂತ ಹೊಲದವನೇ ಕರೀತಾನ. ನಾಳಿಗಿ ಏಳ್ರಿ ಅಂದ್ರ ಏಳಬೇಕು. ಅದಕ್ಕ ನಾವು ಒಂದೇ ಹೊಲ ನಂಬಿ ಕೂಡೂದಿಲ್ಲ. ನೀ ಕೂತಿ."

ಆ ಮಾತಿಗೆ ಸಕ್ಕುಬಾಯಿಗೆ ನಾಗಣಸೂರಿನ ತಮ್ಮ ಮರೆಪ್ಪ ನೆನಪಾದ. ಅವನೂ ಕುರಿಗಾರ. ಪೇಜು ಶುರುವಾದ ಮೇಲೆ ಅವನಿಗೆ ಫೋನು ಮಾಡುವುದನ್ನೇ ಅವಳು ಬಿಟ್ಟಿದ್ದಳು. ಹೇಗೂ ಅದರಲ್ಲೇ ನೋಡುತ್ತಾನಲ್ಲ ಎಂಬ ಧೈರ್ಯ. ಈಗ ಅವನ ನಂಬರು ಹುಡುಕಿ ಹಚ್ಚಿ, ಔಷಧದ ವಿಡಿಯೊ ನೋಡಿದೆಯಾ ಎಂದು ಕೇಳಿದಳು.

"ವಿಡಿಯೊ? ನಾ ಏನೂ ನೋಡಿಲ್ಲಕ್ಕ," ಎಂದ ಮರೆಪ್ಪ. "ಮುಂಜಾನಿ ಒಂದ ಮರಿಗಿ ಆ ಔಷಧ ಕುಡಿಸೀನಿ. ಬಿದ್ದದ್ದು ಏಳವಲ್ದು. ಉಳಿದವಕ್ಕ ಸಂಜಿಗಿ ಕುಡಿಸಬೇಕಂತ ಇದ್ದೆ."

"ಬಾಟಲಿ ಮುಟ್ಟಬ್ಯಾಡ. ಡಾಕ್ಟರನ್ನ ಕರಿ. ಊರಾಗ ಎಲ್ಲಾರಿಗೂ ಹೇಳು."

ಫೋನಿಟ್ಟಳು. ಬಿದ್ದ ಆ ಮರಿ ಬದುಕುವ ಆಸೆ ಇರಲಿಲ್ಲ. ಹಿಂಡು ಉಳಿಯಿತು. ಹಿಗ್ಗುವಷ್ಟು ತ್ರಾಣ ಅವಳಲ್ಲಿರಲಿಲ್ಲ.

"ಪೇಜಿನ ಕಂಪನಿಗಿ ತಕ್ರಾರ ಬರಿಯವ್ವ," ಎಂದಳು ಕೊನೆಗೆ.

"ಬರೀತೀನಿ ರಿ. ಅವರ ತಕ್ರಾರ ಅಧಿಕಾರಿ ಕೇಳದಿದ್ರ ಸರ್ಕಾರದ ಮೇಲ್ಮನವಿ ಸಮಿತಿ ಅದ."

"ನಾ ಬೀರೋಬಾನ ಗುಡಿ ಕಡಿ ಹೋಗಿ ಕುರಿಗಾರ ಮಂದಿಗಿ ಔಷಧದ ಸುದ್ದಿ ಹೇಳತೀನಿ," ಎಂದು ಅಮೋಗಸಿದ್ಧ ಕಂಬಳಿ ಹೆಗಲಿಗೆ ಹಾಕಿಕೊಂಡ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪೇಜಿನಲ್ಲಿ ಖರೆ ಮಾತು ಹೇಳಿ. ಅಳಿಸಿದರೆ ಕಾರಣ ಕೇಳಿ, ದೂರು ಕೊಡಿ, ವಿಡಿಯೊದ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಪೇಜು ಇದೆಯೆಂದು ನೀವೂ ಯಾರಿಗೋ ಫೋನು ಮಾಡುವುದನ್ನು ಬಿಟ್ಟಿರುತ್ತೀರಿ. ಅವರಿಗೆ ಇವತ್ತೇ ಒಮ್ಮೆ ಫೋನು ಮಾಡಿ.