ಆ ಸಾಲು ಬರೆದವರು

ಇಯರ್‌ಫೋನಿನಲ್ಲಿ ರೆಕಾರ್ಡು ಮಾಡಿದ ಸಂದರ್ಶನ, ಆಕೆಯ ಉಸಿರು, ಹದಿಮೂರು ಸೆಕೆಂಡು ಬರೀ ಉಸಿರು, ಇದನ್ನು ಹೇಗೆ ಬರೆದುಕೊಳ್ಳುವುದು — ಕಂಸದಲ್ಲಿ ಮೌನ ಅಂತ ಹಾಕು, ಮೌನವೂ ಸಂವಹನವೇ ಕಣಮ್ಮ ಅನ್ನುತ್ತಾರೆ ನಮ್ಮ ಗೈಡ್ ಮೇಡಂ, ಹಾಕಿದೆ, ಆದರೆ ಈ ಮೌನ ಆಕೆಯದಲ್ಲವಲ್ಲ, ನನ್ನದು, ಆಕೆ ಕೇಳಿಯಾಗಿತ್ತು, ಟೀವೀಲಿ ಆ ಸಾಲು ಬರೆದೋರು ಯಾರು ಅಂತ ನಿಮಗೇನಾದ್ರೂ ಗೊತ್ತಾಗುತ್ತಾ, ಇಗೋ ಈಗ ಬರುತ್ತದೆ, ಗೊತ್ತಿಲ್ಲಕ್ಕ, ನನ್ನದೇ ದನಿ, ಬೆಣ್ಣೆಯಷ್ಟು ನಯವಾದ ಸುಳ್ಳು.

ಮೂರು ವರ್ಷದ ಹಿಂದೆ ಸುದ್ದಿಮನೆಯ ಮೂಲೆಯಲ್ಲಿ ನನ್ನ ಕುರ್ಚಿ, ಪರದೆಯ ಕೆಳಗೆ ಓಡುವ ಕೆಂಪು ಪಟ್ಟಿಯ ಸಾಲುಗಳು ನನ್ನ ಪಾಲು, ಬಣ್ಣದ ಕಾರ್ಖಾನೆಗೆ ಬೆಂಕಿ, ಸತ್ತವನು ಒಬ್ಬ, ಸೈರನ್ನುಗಳ ನಡುವೆ ನಿಂತು ವರದಿಗಾರ ಫೋನಿನಲ್ಲಿ ಹೆಸರು ಕೂಗುತ್ತಾನೆ, ಮನೆಯವರಿಗೆ ತಿಳಿಸಿದ್ದಾರಾ ಸಾರ್ ಅಂದೆ, ಮುಖ್ಯಸ್ಥರು ಹೆಗಲ ಮೇಲಿಂದ ಬಗ್ಗಿ, ಪಕ್ಕದ ಚಾನೆಲ್‌ನವರು ಹಾಕೋದ್ರೊಳಗೆ ಹಾಕ್ರೀ, ಹಾಕಿದೆ, ನಾವೇ ಮೊದಲು ಅಂತ ಯಾರೋ ಬೆನ್ನು ತಟ್ಟಿದರು. ಕೆಲಸ ಬಿಟ್ಟು ಸಂಶೋಧನೆಗೆ ಸೇರಿದೆ, ಸಾವಿನ ಸುದ್ದಿ ಮನೆ ಮುಟ್ಟುವ ಬಗೆ ಎಂದು ವಿಷಯ ಆರಿಸಿದೆ, ಹತ್ತು ಮನೆ ಸುತ್ತಿದೆ, ಹನ್ನೊಂದನೆಯದು ಆಕೆಯದು, ನಮ್ಮೆಜಮಾನ್ರು ಬಣ್ಣದ ಕಾರ್ಖಾನೆಲಿದ್ರು ಅಂದಾಗಲೇ ನನ್ನ ಪೆನ್ನು ನಿಂತಿತ್ತು. ಇವತ್ತು ಬೆಳಿಗ್ಗೆ ಮೇಡಂ ಪುಟ ತಿರುವಿ, ಸಂಶೋಧಕಿ ಎಲ್ಲಿ ನಿಂತು ನೋಡ್ತಿದ್ದಾಳೆ ಅಂತ ಓದೋರಿಗೆ ತಿಳೀಬೇಕಲ್ವಾ, ಇದೊಂದು ಹಾಳೆ ಖಾಲಿ ಬಿಟ್ಟಿದ್ದೀಯಲ್ಲೇ, ಬರೀತೀನಿ ಮೇಡಂ ಅಂದೆ, ಏನಂತ ಬರೆಯಲಿ, ಮೊದಲು ಆಕೆಗೆ ಹೇಳದೆ ಇದನ್ನೂ ಹಾಳೆಗೆ ಹಾಕಿದರೆ ಎರಡನೇ ಸಲವೂ ಅದೇ ಕೆಲಸವಾಯಿತಲ್ಲ —

ಇಯರ್‌ಫೋನು ಕಿತ್ತು ನಂಬರು ಒತ್ತಿದೆ. ಅಕ್ಕಾ, ಅವತ್ತು ಸುಳ್ಳು ಹೇಳಿದೆ, ಆ ಸಾಲು ಬರೆದಿದ್ದು ನಾನೇ. ಬೈಯಲಿ, ಫೋನು ಕುಕ್ಕಲಿ, ಆ ಕಡೆ ನಲ್ಲಿ ನೀರು ಬೀಳುವ ಸದ್ದು, ನಲ್ಲಿ ನಿಂತಿತು. ಹೆಸರಲ್ಲಿ ಒಂದಕ್ಷರ ತಪ್ಪಿತ್ತು ಕಣ್ರೀ, ಅಂದಳು ಮೆಲ್ಲಗೆ, ಪ ಇರೋ ಕಡೆ ಬ ಹಾಕಿದ್ರಿ, ಇವರಲ್ಲ ಬೇರೆ ಯಾರೋ ಅಂದ್ಕೊಂಡೆ, ಸದ್ಯ ಅಂದ್ಕೊಂಡೆ, ಪಾಪ ಯಾರ ಹೆಂಡ್ತಿಯೋ ಅಂತ ಅವಳಿಗೋಸ್ಕರ ಅತ್ತೂಬಿಟ್ಟೆ, ಒಂದು ಗಂಟೆ ಹೊತ್ತು, ಅಷ್ಟೊತ್ತಿಗೆ ಕಾರ್ಖಾನೆಯೋರು ಬಂದು ಬಾಗಿಲು ತಟ್ಟಿದ್ರು, ಅದನ್ನೂ ಬರ್ಕೊಳ್ಳಿ. ಬರೆದುಕೊಳ್ಳಬೇಕು, ಹಾಳೆ ಎಳೆದುಕೊಂಡೆ, ಕಣ್ಣೆದುರು ಕೆಂಪು ಪಟ್ಟಿ ಬಲದಿಂದ ಎಡಕ್ಕೆ ಜಾರುತ್ತಿದೆ, ಬ, ಅಂಚು ದಾಟಿ ಮತ್ತೆ ಬಲದಿಂದ, ಬ, ಅದರ ಕೆಳಗೆ ಯಾರ ಹೆಂಡತಿಗೋ ಎಂದುಕೊಂಡು ಅಳುತ್ತಾ ಕೂತ ಹೆಂಗಸು, ಮತ್ತೆ ಬಲದಿಂದ, ಬ —