ನೀರುಗಂಟಿಯ ಕತ್ತಿನಲ್ಲಿ ಕೇಳಿದ್ದು

ನಾನು ಒಂದು ಸ್ಟೆತಾಸ್ಕೋಪು. ಕಾರ್ಖಾನೆಯಲ್ಲಿ ಕಪ್ಪು ಕೊಳವೆಗೆ ಉಕ್ಕಿನ ಬಿಲ್ಲೆ ಸಿಕ್ಕಿಸಿದ ದಿನವೇ ನನ್ನ ಹುಟ್ಟಿದ ದಿನ. ಬಾಯಿಲ್ಲ, ಕೇಳಿಸಿಕೊಳ್ಳುವುದೇ ಕೆಲಸ. ಮೊದಲು ಕೊಂಡವನು ಡಾಕ್ಟರಿಕೆ ಓದುತ್ತಿದ್ದ ಸಲೀಮ. ಹಾಸ್ಟೆಲಿನ ಗೆಳೆಯರ ಎದೆಗೆಲ್ಲ ನನ್ನನ್ನು ಒತ್ತಿ, "ಲೋ, ನಿಂಗೆ ಹೃದಯಾನೇ ಇಲ್ವಲ್ಲೋ" ಎಂದು ನಗುತ್ತಿದ್ದ. ಮುಂದೆ ತಂಗಿ ನಸೀಮಾ ಡಾಕ್ಟರಾದಾಗ ನನ್ನನ್ನು ಅವರ ಕೊರಳಿಗೆ ಹಾಕಿದ. ಅವರು ಭದ್ರಾ ನಾಲೆಯ ಪಕ್ಕದ ಊರಲ್ಲಿ ದವಾಖಾನೆ ತೆರೆದರು.

ಅಲ್ಲಿಗೆ ಒಂದು ದಿನ ಹಾಲಸಿದ್ದಪ್ಪ ಬಂದ. ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಅವನು.

"ಎಡಗಣ್ಣಿಗೆ ಪರದೆ ಬಿದ್ದಂಗಾಗಿ, ಹತ್ತು ನಿಮಿಷಕ್ಕೆ ಎದ್ದೋಯ್ತು ಕಣಮ್ಮ."

"ಬೀಡಿ ಹೊಗೆ ತುಂಬ್ಕಂಡೈತೆ ಕಣ್ಣಾಗೆ" ಎಂದಳು ಹೆಂಡತಿ ಕರಿಬಸಮ್ಮ.

ನಸೀಮಾ ನಗಲಿಲ್ಲ. ನನ್ನನ್ನು ಅವನ ಕತ್ತಿನ ಎಡಕ್ಕೆ, ಕಣ್ಣಿಗೂ ತಲೆಗೂ ರಕ್ತ ಒಯ್ಯುವ ನಾಳದ ಮೇಲೆ ಒತ್ತಿ, "ಉಸಿರು ಹಿಡೀರಿ" ಎಂದರು. ಮೆತ್ತಗೆ ದಬ್ ದಬ್ ಎನ್ನಬೇಕಾದ ಕಡೆ ಶ್ಶೂ... ಶ್ಶೂ... ಇಕ್ಕಟ್ಟು ಸಂದಿಯಲ್ಲಿ ಏನೋ ನುಗ್ಗುವ ಸದ್ದು. ನನ್ನ ಬಿಲ್ಲೆ ತಣ್ಣಗಾಯಿತು.

ಪಟ್ಟಣದಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಗಂಡಹೆಂಡತಿ ಮರಳಿದರು. "ಕತ್ತಿನ ರಕ್ತನಾಳದಲ್ಲಿ ಮುಕ್ಕಾಲು ಪಾಲು ಕೊಬ್ಬು ಕಟ್ಟಿಕೊಂಡಿದೆ" ಎಂದರು ನಸೀಮಾ. "ಅದರ ಚೂರು ಕಿತ್ತು ತಲೆಗೆ ಹೋದರೆ ಲಕ್ವ ಹೊಡೆಯುತ್ತೆ. ಇನ್ನೊಂದಿದೆ. ಅದೇ ನಾಳ ಮಿದುಳು ಸೇರುವ ಕಡೆ ಗೋಡೆ ತೆಳ್ಳಗಾಗಿ ಗುಳ್ಳೆ ಎದ್ದಿದೆ. ಹುಡುಕದೇ ಸಿಕ್ಕಿದ್ದು ಅದು. ಒಡೆದರೆ ಜೀವಕ್ಕೇ ಅಪಾಯ."

ಅವರ ಮಾತು ಸಾವಧಾನವಾಗಿತ್ತು. ಕೊರಳಿನಿಂದ ಇಳಿಬಿದ್ದ ನನಗೆ ಮಾತ್ರ ಅವರ ಎದೆಬಡಿತ ಓಡುತ್ತಿದ್ದದ್ದು ಕೇಳಿಸಿತು.

"ಕತ್ತಿಂದು ಬಿಡಿಸಿಬಿಡ್ರವ್ವ, ಒಂದಾದ್ರೂ ಕಳೀಲಿ" ಎಂದಳು ಕರಿಬಸಮ್ಮ.

ಹಾಲಸಿದ್ದಪ್ಪ ತಲೆ ಎತ್ತಿದ. "ಕೆಲಸಕ್ಕೆ ಸೇರಿದ ವರ್ಷ, ಕೆಳಗೆ ನಾಲೆಯ ಮಣ್ಣೇರಿ ಉಬ್ಬಿದ್ದು ಕಂಡಿದ್ದೆ. ಆದ್ರೂ ನೀರು ಬಿಡದಿದ್ರೆ ಇಂಜಿನಿಯರು ಬೈತಾರೆ ಅಂತ ಮೇಲಿನ ತೂಬು ಪೂರ್ತಿ ಎತ್ತಿಬಿಟ್ಟೆ. ಏರಿ ಒಡೆದು ಐದೆಕರೆ ನಾಟಿ ಕೊಚ್ಕಂಡೋಯ್ತು. ಕತ್ತಿನ ಕಟ್ಟು ಬಿಡಿಸಿದ್ರೆ, ನುಗ್ಗೋ ರಕ್ತಾನ ಮೇಲಿನ ಗುಳ್ಳೆ ತಡೀತದಾ ಅಮ್ಮ?"

ನಸೀಮಾ ಸ್ಕ್ಯಾನಿನ ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದರು. "ಗುಳ್ಳೆ ಸಣ್ಣದಿದ್ರೆ ಎಷ್ಟೋ ಸಲ ಕತ್ತಿನ ಆಪರೇಷನ್ನೇ ಮೊದಲು ಮಾಡ್ತಾರೆ. ನಿಮ್ಮದು ದೊಡ್ಡದು. ನನಗೂ ಅದೇ ಭಯ."

ದೊಡ್ಡಾಸ್ಪತ್ರೆಯವರು ಕೂತು ಚರ್ಚಿಸಿದರು. ತೊಡೆಯ ನಾಳದಿಂದ ಸಪೂರ ತಂತಿ ಕಳಿಸಿ, ಅದನ್ನೇ ಸುರುಳಿ ಸುತ್ತಿ, ರಕ್ತ ನುಗ್ಗದಂತೆ ಗುಳ್ಳೆಯನ್ನು ಒಳಗಿಂದಲೇ ತುಂಬಿದರು. ತುಂಬಿದ ಗುಳ್ಳೆ ಗಟ್ಟಿಯಾಗುವವರೆಗೆ, ಕತ್ತಿನ ಆಪರೇಷನ್ನಿಗೆ ತಿಂಗಳು ಕಾಯಬೇಕೆಂದರು.

ಆ ತಿಂಗಳ ಭಯ ಯಾರಿಗೂ ಬೇಡ. ವಾರವಾರವೂ ಅವನು ಬಂದು ಕತ್ತು ಚಾಚುತ್ತಿದ್ದ. ಯಾವ ಸದ್ದಿಗೆ ನಡುಗಿದ್ದೆನೋ, ಈಗ ಅದೇ ಕೇಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದು ನಿಂತರೆ ನಾಳ ಪೂರ್ತಿ ಮುಚ್ಚಿತೆಂದೂ ಆಗಬಹುದಿತ್ತು.

"ಕೂಗಬ್ಯಾಡ, ಜೋರಾಗಿ ಕೆಮ್ಮಬ್ಯಾಡ" ಎಂದು ಕರಿಬಸಮ್ಮ ಬೆನ್ನಿಗೇ ಇರುತ್ತಿದ್ದಳು.

"ಉಸಿರಾಡಕ್ಕಾದ್ರೂ ಅಪ್ಪಣೆ ಐತೇನೇ?"

ಕತ್ತಿನ ಆಪರೇಷನ್ನೂ ಮುಗಿದು ಅವನು ಬಂದಾಗ ನಸೀಮಾ ನನ್ನನ್ನು ಹೊಲಿಗೆಯ ಪಕ್ಕ ಇಟ್ಟರು. ಏನೂ ಇಲ್ಲ. ಒತ್ತಿ ಇಟ್ಟರು. ಇಲ್ಲ. ನನ್ನನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರು. ಆಮೇಲೆ, ಮೆಲ್ಲಗೆ, ದಬ್ ದಬ್. ಕರಿಬಸಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಈಗ ನನ್ನ ಕೊಳವೆ ಬಿರಿದಿದೆ. ಹಳೆಯ ಥರ್ಮಾಮೀಟರಿನ ಜೊತೆ ಮೇಜಿನ ಖಾನೆಯಲ್ಲಿ ಮಲಗಿದ್ದೇನೆ. ಹಾಲಸಿದ್ದಪ್ಪ ಆಗಾಗ ಬಂದು ಹೊರಗಿನ ಬೆಂಚಿನಲ್ಲಿ ಹರಟುವುದು ಕೇಳಿಸುತ್ತದೆ. ಆದರೂ ನನ್ನ ಭಯ ಹೋಗಿಲ್ಲ. ಕತ್ತು ಸದ್ದು ಮಾಡಿತು, ಅದಕ್ಕೇ ತಲೆಯನ್ನೂ ನೋಡಿದರು. ಆ ಗುಳ್ಳೆ ಮಾತ್ರ ನನಗೆ ಒಮ್ಮೆಯೂ ಕೇಳಿಸಿರಲಿಲ್ಲ. ಇಷ್ಟು ವರ್ಷ ಎಷ್ಟು ಸಾವಿರ ಜನರ ಎದೆ ಕೇಳಿ ಎಲ್ಲ ಸರಿಯಿದೆ ಎಂದು ಡಾಕ್ಟರ ಕಿವಿಗೆ ಒಪ್ಪಿಸಿದೆನೋ! ಅವರೆಲ್ಲ ನನ್ನನ್ನು ನಂಬಿ, ಅಂಗಿಯ ಗುಂಡಿ ಹಾಕಿಕೊಂಡು, ಮನೆಗೆ ಹೋದರು.