ಎಡಗಾಲಿಗೆ ಇಬ್ಬರು ಮೇಷ್ಟ್ರು

ಎರ್ಮಾಲ್‌ನ ಎಡಗಾಲನ್ನು ಮೊದಲು ಕಂಡವರು ಪಾಲಿನ್ ಮೇಷ್ಟ್ರು. ಶ್ಕೋದ್ರಾ ಊರಿನಲ್ಲಿ ಈ ಬಗ್ಗೆ ಯಾರದೂ ತಕರಾರಿರಲಿಲ್ಲ. ಸರೋವರದ ದಂಡೆಯಲ್ಲಿ ಮೀನು ಮಾರುವ ಫಿಕ್ರೆತ್‌ನ ಮಗ ಅವನು, ಒಂಬತ್ತು ವರ್ಷದ ಪೋರ. ಮೀನಿನ ಬುಟ್ಟಿಯನ್ನು ಅಪ್ಪನ ಸೈಕಲ್ಲಿಗೆ ಒರಗಿಸಿಟ್ಟು, ಖಾಲಿ ಎಣ್ಣೆ ಡಬ್ಬಿಯೊಂದನ್ನು ಗೋಡೆಗೆ ಒದೆಯುತ್ತ ನಿಂತಿದ್ದ. ಎಷ್ಟು ಸಲ ಒದ್ದರೂ ಡಬ್ಬಿ ಗೋಡೆಯ ಅದೇ ಒಂದು ಕಲ್ಲಿಗೆ ಬಡಿದು ಅವನ ಕಾಲಿಗೇ ವಾಪಸ್ಸು ಬರುತ್ತಿತ್ತು. ಊರಿನ ಹುಡುಗರಿಗೆ ಫುಟ್‌ಬಾಲ್ ಕಲಿಸುವುದೇ ಕಸುಬಾಗಿದ್ದ ಮೇಷ್ಟ್ರು ಸೈಕಲ್ ಇಳಿದರು. ಮೀನು ಕೊಳ್ಳಲು ಬಂದಿದ್ದ ಅವರು ಮೀನನ್ನೇ ಮರೆತು ನೋಡುತ್ತ ನಿಂತರು. ಆಮೇಲೆ ಫಿಕ್ರೆತ್‌ನ ಹತ್ತಿರ ಹೋಗಿ, "ನಾಳೆಯಿಂದ ಇವನನ್ನ ಮೈದಾನಕ್ಕೆ ಕಳಿಸು" ಅಂದರು.

"ಮತ್ತೆ ಮೀನು ಯಾರು ಮಾರ್ತಾರೆ ಮೇಷ್ಟ್ರೇ?"

"ನೀನೇ ಮಾರು. ನಿನಗೇನು ಬಾಯಿ ಕಡಿಮೆಯಾ?"

ಎಂಟು ವರ್ಷ ಹುಡುಗ ಅವರ ಕೈಕೆಳಗೆ ಬೆಳೆದ. ಮೇಷ್ಟ್ರು ತಮ್ಮ ಕಾಲದಲ್ಲಿ ಊರಿನ ತಂಡದ ಲೆಫ್ಟ್ ವಿಂಗ್ ಆಗಿದ್ದವರು. ಗೆರೆಯಂಚಿನಲ್ಲಿ ಓಡುವುದು, ಎದುರಾಳಿಯನ್ನು ಬಲಕ್ಕೆ ಎಳೆದು ಎಡಕ್ಕೆ ಜಾರುವುದು, ತಲೆಯೆತ್ತದೆಯೇ ಚೆಂಡನ್ನು ಗೋಲಿನ ಬಾಯಿಗೆ ತೇಲಿಸುವುದು, ಹೀಗೆ ತಮಗೆ ಗೊತ್ತಿದ್ದುದನ್ನೆಲ್ಲ ಆ ಕಾಲಿಗೆ ಸುರಿದರು. ಹುಡುಗ ಹದಿನೇಳಕ್ಕೆ ಊರಿನ ತಂಡ ಸೇರಿದ. ಎರಡು ವರ್ಷಕ್ಕೆ ರಾಜಧಾನಿ ತಿರಾನಾದ ತಂಡವೊಂದು ಎತ್ತಿಕೊಂಡು ಹೋಯಿತು. ಅಲ್ಲಿಂದ ಕ್ರೊಯೇಷಿಯಾದ ಒಂದು ಕಡಲೂರು. ಅಲ್ಲಿಂದ ಇಟಲಿಯ ಎರಡನೇ ದರ್ಜೆಯ ತಂಡ.

ಹುಡುಗ ಮೆಟ್ಟಿಲು ಹತ್ತಿದ ಹಾಗೆಲ್ಲ ಮೇಷ್ಟ್ರ ಹೊಟ್ಟೆಯೊಳಗೆ ಒಂದೊಂದು ಕೆಂಡ ಬಿದ್ದಿತು. ತಿರಾನಾದ ಪತ್ರಿಕೆ ಅವನನ್ನು "ನಮ್ಮೂರ ಕಣ್ಮಣಿ" ಎಂದು ಬರೆದಾಗ, "ಯಾರಪ್ಪನ ಊರು?" ಎಂದು ಪತ್ರಿಕೆಯನ್ನು ಮಡಿಸಿ ಒಲೆಗೆ ಹಾಕಿದ್ದರು. ಕ್ರೊಯೇಷಿಯಾದ ತರಬೇತುದಾರ ಅವನ ಹೆಗಲ ಮೇಲೆ ಕೈಹಾಕಿ ನಿಂತ ಚಿತ್ರ ನೋಡಿ, "ಇವನ ಕೈ ನೋಡು, ಹಸು ಕೊಳ್ಳೋಕೆ ಬಂದ ದಲ್ಲಾಳಿ ಹಾಗೆ" ಅಂದಿದ್ದರು. ಆದರೆ ಇಟಲಿಯ ಒರೆಸ್ತೆ ಮಾತ್ರ ಕೆಂಡವಲ್ಲ, ಇಡೀ ಒಲೆ.

ಇಟಲಿಯಲ್ಲಿ ತರಬೇತುದಾರನನ್ನು ಆಟಗಾರರು "ಮಿಸ್ಟರ್" ಎನ್ನುತ್ತಾರೆ. ಈ ಮಿಸ್ಟರ್ ಒರೆಸ್ತೆ ಮಾಡಿದ ಮೊದಲ ಕೆಲಸವೆಂದರೆ ಎರ್ಮಾಲ್‌ನನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ತಂದು ಲೆಫ್ಟ್ ಬ್ಯಾಕ್ ಮಾಡಿದ್ದು. ಸುದ್ದಿ ಕೇಳಿ ಮೇಷ್ಟ್ರು, "ಓಡೋ ಕುದುರೆಯನ್ನ ತಂದು ಬಾಗಿಲಿಗೆ ಕಟ್ಟಿದಾನೆ, ಮುಠ್ಠಾಳ" ಅಂದರು. ಕುದುರೆ ಬಾಗಿಲಲ್ಲಿ ನಿಲ್ಲಲಿಲ್ಲ. ಹಿಂದಿನಿಂದ ಇಡೀ ಮೈದಾನವನ್ನು ಕಣ್ತುಂಬ ನೋಡಿಕೊಂಡು, ಎದುರಿಗೆ ಹತ್ತು ಮಾರು ಖಾಲಿ ಜಾಗ ಸಿಕ್ಕಿದಾಗ ಎರ್ಮಾಲ್ ಓಡಿದ ಓಟವೇ ಬೇರೆ. ಆರೇ ತಿಂಗಳಿಗೆ ದೇಶದ ತಂಡದಿಂದ ಕರೆ ಬಂತು. ರೆಮ್ಝಿಯ ಕಾಫಿ ಅಂಗಡಿಯ ಟಿವಿಯಲ್ಲಿ ಆಟ ನೋಡುತ್ತ ಮೇಷ್ಟ್ರಿಗೆ ಅರ್ಥವಾಯಿತು: ಇಟಲಿಯವನು ಮಾಡಿದ್ದು ಸರಿ. ಎಂಟು ವರ್ಷ ಆ ಹುಡುಗನನ್ನು ದಿನಾ ನೋಡಿದ ತಮಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ಮುಳ್ಳು ಚುಚ್ಚಿದ್ದು ಅಲ್ಲೇ.

ಒಂದು ಭಾನುವಾರ ಎರ್ಮಾಲ್ ಗೋಲು ಹೊಡೆದ. ಆಟ ಮುಗಿದ ಮೇಲೆ ಟಿವಿಯವನು ಮೈಕು ಹಿಡಿದು, ನಿಮ್ಮನ್ನು ಆಟಗಾರನನ್ನಾಗಿ ಮಾಡಿದ್ದು ಯಾರು ಎಂದು ಕೇಳಿದ. ಎರ್ಮಾಲ್ ತೋಳಿನಿಂದ ಬೆವರು ಒರೆಸಿಕೊಂಡು, "ಮಿಸ್ಟರ್ ಒರೆಸ್ತೆ. ಅವರು ಸಿಗೋವರೆಗೆ ನಾನು ಸುಮ್ಮನೆ ಓಡ್ತಿದ್ದೆ, ಅಷ್ಟೆ" ಅಂದ.

ಶ್ಕೋದ್ರಾದವರಿಗೆ ಇಟಾಲಿಯನ್ ಬರುತ್ತದೆ. ಹೊರದೇಶದ ಟಿವಿ ನೋಡಬಾರದೆಂದಿದ್ದ ಹಳೆಯ ಸರ್ಕಾರದ ಕಾಲದಲ್ಲಿ ಕದ್ದು ಇಟಲಿಯ ಕಡೆಗೆ ಆಂಟೆನಾ ತಿರುಗಿಸಿ ಕಲಿತ ಭಾಷೆ ಅದು. ಹಾಗಾಗಿ ಅಂಗಡಿಯಲ್ಲಿದ್ದವರಿಗೆಲ್ಲ ಮಾತು ಅರ್ಥವಾಯಿತು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

ರೆಮ್ಝಿ ಲೋಟ ಒರೆಸುತ್ತ, "ಕೇಳಿದ್ರಾ ಮೇಷ್ಟ್ರೇ? ಸುಮ್ಮನೆ ಓಡ್ತಿದ್ನಂತೆ. ಎಂಟು ವರ್ಷ ನೀವೇನು ಅವನ ಹಿಂದೆ ನಾಯಿ ಬಿಟ್ಟಿದ್ರಾ?" ಅಂದ.

"ನಿನ್ನ ಕಾಫಿ ತಣ್ಣಗಿದೆ."

"ಕಾಫಿ ತಣ್ಣಗಿದ್ರೇನಂತೆ, ಕುಡಿಯೋರು ಬಿಸಿಯಾಗಿದ್ದಾರಲ್ಲ."

ಅವತ್ತಿನಿಂದ ಮೇಷ್ಟ್ರು ಫಿಕ್ರೆತ್‌ನ ಹತ್ತಿರ ಮೀನು ಕೊಳ್ಳುವುದನ್ನು ಬಿಟ್ಟರು. ಅವನ ಕಣ್ಣಿಗೆ ಬೀಳುವ ಹಾಗೆಯೇ ಪಕ್ಕದವನ ಮುಂದೆ ನಿಂತು ಚೌಕಾಸಿ ಮಾಡಿದರು. ಕೇಳಿದವರಿಗೂ ಕೇಳದವರಿಗೂ "ಆ ಹುಡುಗನ ಬಲಗಾಲು ಕಟ್ಟಿಗೆ, ನೆಲಕ್ಕೆ ಊರೋಕಷ್ಟೇ ಸರಿ" ಎಂದು ಹೇಳಿಕೊಂಡು ತಿರುಗಿದರು. ಮನೆಯಲ್ಲಿ ಅನ್ನುತ್ತಿದ್ದುದು ಒಂದೇ ಮಾತು: "ಹುತ್ತ ಕಟ್ಟಿದ್ದು ಗೆದ್ದಲು, ಬಂದು ಮಲಗಿದ್ದು ಹಾವು."

ಹೆಂಡತಿ ದ್ರಾನೆ ಕೇಳಿ ಕೇಳಿ ಸಾಕಾಗಿ, "ಮದುವೆಯಾದ ಹೊಸದರಲ್ಲಿ ಎದುರುಮನೆ ದರ್ಜಿ ನನ್ನನ್ನ ನೋಡಿ ದಿನಾ ಹಾಡು ಹೇಳ್ತಿದ್ದ. ಆಗ ನಿನಗೆ ಹೊಟ್ಟೆಕಿಚ್ಚು ಬರಲಿಲ್ಲ. ಈಗ ಯಾವನೋ ಬೋಳುತಲೆ ಇಟಲಿಯವನಿಗೋಸ್ಕರ ಊಟ ಬಿಟ್ಟು ಕೂತಿದೀಯಲ್ಲ ಮಾರಾಯ" ಅಂದಳು.

"ದರ್ಜಿಗೆ ರಾಗವೇ ಇರಲಿಲ್ಲ" ಅಂದರು ಮೇಷ್ಟ್ರು.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೊಂದು ಬೇಸಿಗೆಯಲ್ಲಿ ಫಿಕ್ರೆತ್ ಹೊಸ ಅಂಗಿ ತೊಟ್ಟು ಮಗನ ಮದುವೆಗೆ ಕರೆಯಲು ಬಂದ. ಎರ್ಮಾಲ್ ತಿರಾನಾದ ಹುಡುಗಿಯನ್ನು ಮೆಚ್ಚಿದ್ದ. ಊಟ ಸರೋವರದ ದಂಡೆಯ ದೊಡ್ಡ ಹೋಟೆಲಿನಲ್ಲಿ.

"ಬರಲೇಬೇಕು ಮೇಷ್ಟ್ರೇ. ಮಿಸ್ಟರೂ ಇಟಲಿಯಿಂದ ಬರ್ತಿದಾರೆ" ಎಂದ ಫಿಕ್ರೆತ್, ಆ ಮಾತಿಗೆ ಅವರು ಸಂತೋಷಪಡುತ್ತಾರೆಂದು ನಂಬಿ.

"ನನಗೆ ಬೆನ್ನು ನೋವು."

ಒಳಗಿನಿಂದ ದ್ರಾನೆ ಕೂಗಿದಳು: "ಬೆನ್ನಿಗೆ ನಾನು ಎಣ್ಣೆ ತಿಕ್ತೀನಿ. ಇಬ್ಬರೂ ಬರ್ತೀವಿ ಫಿಕ್ರೆತ್."

ಮದುವೆಯ ದಿನ ಬಿಸಿಲಿಳಿಯುವ ಹೊತ್ತಿಗೆ ಹೋಟೆಲು ತುಂಬಿತ್ತು. ಮೇಷ್ಟ್ರಿಗೂ ದ್ರಾನೆಗೂ ಜಾಗ ಸಿಕ್ಕಿದ್ದು ಅಡುಗೆಮನೆ ಬಾಗಿಲಿನ ಪಕ್ಕ, ಫಿಕ್ರೆತ್‌ನ ಕಡೆಯ ಬೆಸ್ತರ ಮೇಜಿನಲ್ಲಿ. ವಧೂವರರ ಪಕ್ಕದ ಮೇಜಿನಲ್ಲಿ ಬಿಳಿ ಕೋಟು ತೊಟ್ಟು ಕುಳಿತಿದ್ದವನೇ ಒರೆಸ್ತೆ. ಟಿವಿಯಲ್ಲಿ ಕಂಡದ್ದಕ್ಕಿಂತ ಕುಳ್ಳ. ಅದೊಂದು ಸಮಾಧಾನ. ಆದರೆ ಎರ್ಮಾಲ್ ಆಗಾಗ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ, ಅವನು ಹುಡುಗನ ಕೆನ್ನೆ ತಟ್ಟುತ್ತಿದ್ದ. ಮೇಷ್ಟ್ರು ಒಲೆಯಲ್ಲಿ ಬೇಯಿಸಿದ ಮೀನನ್ನು ದ್ರಾನೆಯ ತಟ್ಟೆಗೆ ದಾಟಿಸಿದರು.

ವಾದ್ಯ ಶುರುವಾಗಿ ಜನ ಕೈಕೈ ಹಿಡಿದು ಕುಣಿತದ ಸಾಲು ಕಟ್ಟಿದರು. ಸಾಲಿನ ತುದಿಯಲ್ಲಿ ಕರವಸ್ತ್ರ ಬೀಸುತ್ತ ಮುಂದೆ ನಡೆಯುವುದು ಮನೆಗೆ ಬೇಕಾದವರಿಗೆ ಸಲ್ಲುವ ಮರ್ಯಾದೆ. ಎರ್ಮಾಲ್ ಎದ್ದು ಕರವಸ್ತ್ರವನ್ನು ಒರೆಸ್ತೆಯ ಕೈಗೆ ಕೊಟ್ಟ. ಪಾಪ, ಅವನಿಗೆ ಹೆಜ್ಜೆ ಗೊತ್ತಿಲ್ಲ. ಎಡವಿದ, ನಕ್ಕ, ಬಟ್ಟೆಯನ್ನು ನೊಣ ಓಡಿಸುವವನ ಹಾಗೆ ಆಡಿಸಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿದರು. "ಕೂತ್ಕೋ" ಎಂದು ದ್ರಾನೆ ಕೋಟು ಹಿಡಿದು ಎಳೆದಳು. ಕೋಟು ಅವಳ ಕೈಯಲ್ಲೇ ಉಳಿಯಿತು. ಅವರು ನೇರ ಹೋಗಿ ಇಟಲಿಯವನ ಕೈಯಿಂದ ಕರವಸ್ತ್ರ ಕಿತ್ತುಕೊಂಡರು. ಆಮೇಲೆ ಕುಣಿದರು. ಅರವತ್ತು ದಾಟಿದ ಮನುಷ್ಯ ಹಾಗೆ ಕುಣಿದದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಸುತ್ತು, ಎರಡು ಸುತ್ತು, ಮೂರನೆಯದರಲ್ಲಿ ಉಸಿರು ಕಟ್ಟಿತು. ಎದೆ ಹಿಡಿದುಕೊಂಡು, ಪಕ್ಕದವನಿಗೆ ಕರವಸ್ತ್ರ ದಾಟಿಸಿ, ಸರೋವರದ ಕಡೆಯ ಜಗಲಿಗೆ ಹೋಗಿ ಕಂಬಿಗೆ ಒರಗಿದರು. ಸಂಜೆಯ ಬೆಳಕಿಗೆ ನೀರು ಕೆಂಪಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಒರೆಸ್ತೆಯೂ ಸಿಗರೇಟು ಹಿಡಿದು ಅಲ್ಲಿಗೇ ಬಂದ. "ಒಳ್ಳೆಯದೇ ಮಾಡಿದಿರಿ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಬಿದ್ದೇ ಹೋಗ್ತಿದ್ದೆ. ನೀವು ಹುಡುಗನ ಕಡೆಯವರಾ?"

"ನಾನು ಅವನ ಮೇಷ್ಟ್ರು. ಮೊದಲನೆಯವನು."

"ಓ, ನೀವೇನಾ?" ಒರೆಸ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ತಲೆ ಎತ್ತದೆ ಚೆಂಡು ಕೊಡೋದು ಕಲಿಸಿದ್ದು ನೀವೇ ತಾನೆ? ಆ ಚಟ ಬಿಡಿಸೋಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯ್ತು."

"ಚಟ ಅಲ್ಲ ಅದು, ವಿದ್ಯೆ. ಎದುರಾಳಿಗೆ ಸುಳಿವು ಸಿಗಬಾರದು ಅಂತ ಕಲಿಸಿದ್ದು."

"ಎದುರಾಳಿಗೂ ಸಿಗ್ತಿರಲಿಲ್ಲ, ನಮ್ಮವರಿಗೂ ಸಿಗ್ತಿರಲಿಲ್ಲ."

ಮೇಷ್ಟ್ರಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಹೊಡೆಯಲು ಉಸಿರಿರಲಿಲ್ಲ. ಅಷ್ಟರಲ್ಲಿ ಒರೆಸ್ತೆ ಸಿಗರೇಟನ್ನು ಕಂಬಿಗೆ ಒತ್ತಿ ಆರಿಸಿ, ನೀರಿನ ಕಡೆ ಮುಖ ಮಾಡಿ ಹೇಳಿದ: "ಇರಲಿ ಬಿಡಿ. ಇನ್ನು ನಾವಿಬ್ಬರೂ ಒಂದೇ. ಅವನು ಜರ್ಮನಿಗೆ ಹೋಗ್ತಿದಾನೆ, ಮೊದಲ ದರ್ಜೆಯ ತಂಡಕ್ಕೆ. ನನಗೆ ಅವನು ಹೇಳಲಿಲ್ಲ. ಅವನ ವ್ಯವಹಾರ ನೋಡೋ ಏಜೆಂಟ್ ಊಟದ ಮಧ್ಯೆ ಉಪ್ಪು ಕೇಳಿದ ಹಾಗೆ ಹೇಳಿದ."

ಮೇಷ್ಟ್ರ ಮೈತುಂಬ ಸಕ್ಕರೆ ಹರಿದ ಹಾಗಾಯಿತು. ನಾಲ್ಕು ವರ್ಷದಿಂದ ಅವರಿಗೆ ಅಂಥ ಸುಖ ಸಿಕ್ಕಿರಲಿಲ್ಲ. "ಅಲ್ಲಿ ಯಾರಂತೆ ಮಿಸ್ಟರ್?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಯಾವನೋ ಎಳೆಯ. ನನ್ನ ಮಗನ ವಯಸ್ಸು. ಕಂಪ್ಯೂಟರ್ ನೋಡಿಕೊಂಡು ಆಡಿಸ್ತಾನಂತೆ."

"ಥೂ."

"ಥೂ" ಅಂದ ಒರೆಸ್ತೆ. ಆರಿದ ಸಿಗರೇಟನ್ನು ಬೆರಳಲ್ಲಿ ಹೊರಳಿಸಿದ. "ನಾನು ಹನ್ನೊಂದು ವರ್ಷ ಮೂರನೇ ದರ್ಜೆಯಲ್ಲಿ ಆಡಿದವನು. ಮೊದಲ ದರ್ಜೆಯವರ ಮೈದಾನಕ್ಕೆ ಒಂದು ದಿನವೂ ಆಟಗಾರನಾಗಿ ಕಾಲಿಡಲಿಲ್ಲ. ಅವನು ಅಲ್ಲಿಗೆ ಹೋಗ್ತಾನೆ ಅಂದಾಗ ಖುಷಿಪಡಬೇಕು. ಆಗ್ತಾ ಇಲ್ಲ. ಏನು ಮಾಡಲಿ? ನೀವು ಎಲ್ಲಿ ಆಡಿದ್ರಿ?"

ಒಳಗೆ ಡೋಲು ಬಡಿಯುತ್ತಿತ್ತು. ಮೇಷ್ಟ್ರು ಹೇಳಬೇಕೆಂದುಕೊಂಡಿರಲಿಲ್ಲ, ಮಾತು ತಾನಾಗಿ ಹೊರಬಿತ್ತು.

"ಇಲ್ಲೇ. ಒಂದೇ ಸಲ ಹೊರಗೆ ಹೋಗಿದ್ದು, ಆಸ್ಟ್ರಿಯಾಕ್ಕೆ. ಆಗ ನನಗೆ ಇಪ್ಪತ್ತಮೂರು, ಹಳೆಯ ಸರ್ಕಾರದ ಕಾಲ. ಆಟ ಆದ ಮೇಲೆ ಹೋಟೆಲಿನಲ್ಲಿ ಒಬ್ಬ ನನ್ನ ಕೋಣೆ ಬಾಗಿಲು ತಟ್ಟಿದ. ಅಲ್ಲಿನ ತಂಡದವನು. ಮುರುಕು ಇಟಾಲಿಯನ್‌ನಲ್ಲಿ, ನೀನು ಇಲ್ಲೇ ಉಳಿ, ನಾವು ನೋಡ್ಕೋತೀವಿ ಅಂದ. ನಮ್ಮ ಜೊತೆ ಸರ್ಕಾರ ಕಳಿಸಿದ ಕಾವಲಿನವರು ಮೆಟ್ಟಿಲಲ್ಲೇ ಕೂತಿದ್ರು. ಉಳಿದಿದ್ರೆ ಇಲ್ಲಿ ನನ್ನ ಅಪ್ಪ ಅಮ್ಮನ್ನ ಊರುಬಿಡಿಸ್ತಿದ್ರು. ನಾನು ಬಾಗಿಲು ಹಾಕ್ಕೊಂಡೆ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಬಾಗಿಲು ಹಾಕ್ಕೊಂಡೆ, ಅಷ್ಟೆ. ದ್ರಾನೆಗೂ ಹೇಳಿಲ್ಲ."

ಹೇಳಿ ಮುಗಿಸಿದ ಮೇಲೆ ಮೇಷ್ಟ್ರಿಗೆ ಹೊಳೆಯಿತು: ತಿರಾನಾದವನ ಮೇಲೆ, ಕ್ರೊಯೇಷಿಯಾದವನ ಮೇಲೆ, ಈ ಬಿಳಿ ಕೋಟಿನವನ ಮೇಲೆ ತಾವು ಇಷ್ಟು ವರ್ಷ ಕಾರಿದ್ದೆಲ್ಲ ಬರೀ ಹೊಗೆ. ಬೆಂಕಿ ಇದ್ದದ್ದು ಹುಡುಗನ ಮೇಲೆಯೇ. ಅದೇ ಎಡಗಾಲು, ಅದೇ ಓಟ. ಆದರೆ ಅವನ ಬಾಗಿಲನ್ನು ಯಾರು ತಟ್ಟಿದರೂ ಅವನು ತೆರೆಯಬಹುದಿತ್ತು. ತೆರೆದು, ನಕ್ಕು, ಚೀಲ ಹೆಗಲಿಗೇರಿಸಿಕೊಂಡು ಹೊರಡಬಹುದಿತ್ತು.

ಅಷ್ಟು ಹೊತ್ತಿಗೆ ಎರ್ಮಾಲ್ ತಾನೇ ಜಗಲಿಗೆ ಬಂದ. ಟೈ ಸಡಿಲಿಸಿದ್ದ. ಇಬ್ಬರನ್ನೂ ಒಟ್ಟಿಗೆ ಕಂಡು ಅವನ ಮುಖ ಅರಳಿತು. ಏಜೆಂಟ್ ಮಾತು ಆಡಿಬಿಟ್ಟಿದ್ದಾನೆಂದು ಒರೆಸ್ತೆಯ ಮುಖ ನೋಡಿ ತಿಳಿಯಿತೇನೋ, ತಕ್ಷಣ ಬಾಡಿತು.

"ಮಿಸ್ಟರ್, ನಾಳೆ ನಾನೇ ಹೇಳಬೇಕು ಅಂತಿದ್ದೆ."

"ಹೋಗು ಹೋಗು, ಹೆಂಡತಿ ಕಾಯ್ತಿದಾಳೆ" ಎಂದು ಒರೆಸ್ತೆ ಅವನ ತೋಳು ತಟ್ಟಿ, ತಾನೇ ಮೊದಲು ಒಳಗೆ ಹೋದ.

ಎರ್ಮಾಲ್ ಮೇಷ್ಟ್ರ ಪಕ್ಕ ಕಂಬಿಗೆ ಒರಗಿದ. ಚಿಕ್ಕವನಿದ್ದಾಗಿನ ಹಾಗೆ ಉಗುರು ಕಚ್ಚಿದ. "ಮೇಷ್ಟ್ರೇ, ಭಯ ಆಗ್ತಿದೆ. ಅಲ್ಲಿ ಎಲ್ಲರೂ ನನಗಿಂತ ಜೋರು. ಇಟಲಿಯಲ್ಲೇ ಉಳಿದುಬಿಡಲಾ?"

ಒಂದು ಮಾತು ಸಾಕಿತ್ತು. ಉಳಿ ಅಂದಿದ್ದರೆ ಅವನು ಉಳಿಯುತ್ತಿದ್ದನೋ ಏನೋ. ಆ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ಕುಳಿತಿತ್ತು, ಜೇನಿನಷ್ಟು ಸಿಹಿಯಾಗಿ. ಅವರು ಅದನ್ನು ನುಂಗಿದರು. ನುಂಗುವುದು ಸುಲಭವಾಗಿರಲಿಲ್ಲ.

"ಹೋಗು" ಅಂದರು. "ನಿನ್ನನ್ನ ತಡೆಯೋಕೆ ಮೆಟ್ಟಿಲಲ್ಲಿ ಯಾರು ಕೂತಿದಾರೆ?"

ಎರ್ಮಾಲ್‌ಗೆ ಮಾತು ಪೂರ್ತಿ ತಿಳಿಯಲಿಲ್ಲ. ಆದರೂ ಬಗ್ಗಿ ಅವರನ್ನು ಅಪ್ಪಿಕೊಂಡ. ಮೇಷ್ಟ್ರ ಕೈಗಳು ಎರಡೂ ಪಕ್ಕದಲ್ಲಿ ಹಾಗೇ ಜೋತುಬಿದ್ದಿದ್ದವು. ಕೊನೆಗೆ ಒಂದು ಕೈಯನ್ನು ಎತ್ತಿ ಅವನ ಬೆನ್ನಿನ ಮೇಲೆ ಇಟ್ಟರು.

ಎರ್ಮಾಲ್ ಹೋದ. ಮೊದಲ ವರ್ಷ ಹೆಚ್ಚಾಗಿ ಬದಲಿ ಆಟಗಾರರ ಬೆಂಚಿನಲ್ಲೇ ಕಳೆದ. ಎರಡನೆಯ ವರ್ಷದಲ್ಲಿ ಜಾಗ ಹಿಡಿದ, ಮೂರನೆಯದರಲ್ಲಿ ದೇಶದ ತಂಡದ ನಾಯಕನ ಪಟ್ಟಿ ತೋಳಿಗೆ ಬಂತು. ಮಂಡಿಗೆ ಪೆಟ್ಟಾಗಿ ಒಂದು ವರ್ಷ ಹೋಯಿತು. ಮತ್ತೆ ಎದ್ದು ಟರ್ಕಿಯಲ್ಲಿ ಎರಡು ವರ್ಷ ಆಡಿದ.

ಮೇಷ್ಟ್ರು ಬದಲಾದರು ಎಂದು ಊರಿನವರು ಯಾರೂ ಹೇಳುವುದಿಲ್ಲ. ಫಿಕ್ರೆತ್‌ನ ಹತ್ತಿರ ಮೀನು ಕೊಳ್ಳಲು ಮತ್ತೆ ಶುರುಮಾಡಿದರು, ಅಷ್ಟೆ. ಚೌಕಾಸಿ ಮಾತ್ರ ಇನ್ನೂ ಜಾಸ್ತಿಯಾಯಿತು. ಆಸ್ಟ್ರಿಯಾದ ಬಾಗಿಲಿನ ವಿಷಯವನ್ನು ಒಂದು ದಿನ ಬಟಾಣಿ ಸುಲಿಯುತ್ತ ದ್ರಾನೆಗೆ ಹೇಳಿದರು. ಅವಳು ಬುಟ್ಟಿಯಲ್ಲಿದ್ದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿದಳು. ಆಮೇಲೆ, "ಬಾಗಿಲು ಹಾಕ್ಕೊಂಡಿದ್ದಕ್ಕೆ ನಾನು ಸಿಕ್ಕಿದೆ" ಅಂದಳು. "ಅದೂ ಒಂದು ನಷ್ಟವೇ" ಅಂದರು ಮೇಷ್ಟ್ರು. ಅವಳು ಸಿಪ್ಪೆಯನ್ನು ಅವರ ಮೇಲೆ ಎಸೆದಳು.

ಎರ್ಮಾಲ್‌ನ ಆಟವಿದ್ದ ದಿನ ಅವರು ಮುಂಚೆಯೇ ಹೋಗಿ ಟಿವಿಯ ಮುಂದಿನ ಕುರ್ಚಿ ಹಿಡಿಯುತ್ತಿದ್ದರು. ಅವನು ಚೆಂಡು ಕಳೆದುಕೊಂಡ ದಿನ ದಾರಿಯುದ್ದಕ್ಕೂ ಎಲ್ಲರನ್ನೂ ಮಾತಾಡಿಸಿಕೊಂಡು, ಸೈಕಲ್ ಗಂಟೆ ಬಾರಿಸುತ್ತ ಮನೆಗೆ ಬರುತ್ತಿದ್ದರು. ಕೆಲವು ದಿನ ಮಾತ್ರ ಬಾಗಿಲು ತಳ್ಳಿ ಒಳಗೆ ಬಂದವರು ಟೋಪಿಯನ್ನೂ ತೆಗೆಯದೆ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಅಂಥ ದಿನ ಹುಡುಗ ಬಹಳ ಚೆನ್ನಾಗಿ ಆಡಿದ್ದಾನೆಂದು ದ್ರಾನೆಗೆ ಕೇಳದೆಯೇ ಗೊತ್ತಾಗುತ್ತಿತ್ತು. ಅವಳು ಸುಮ್ಮನೆ ಸಾರು ಬಿಸಿಗಿಟ್ಟು, ರಾಕಿ ಸಾರಾಯಿಯ ಸಣ್ಣ ಲೋಟವನ್ನು ಅವರ ಕೈಗೆ ಎಟುಕುವ ಹಾಗೆ ಸರಿಸುತ್ತಿದ್ದಳು.